ನೀರು ಕೊಡದ ಅತ್ತೆ

ನಮ್ಮ ಸೋದರತ್ತೆಯಷ್ಟು ಕಲ್ಲುಮನಸ್ಸಿನವರು ಇಡೀ ನಾಗಸಂದ್ರದಲ್ಲಿ ಇನ್ನೊಬ್ಬರಿಲ್ಲ. ಬೇಕಿದ್ದರೆ ಅವರ ಬಾಲ್ಕನಿಯ ಕಳ್ಳಿಗಿಡಗಳನ್ನೇ ಕೇಳಿ! ಚಳಿಗಾಲ ಬಂತೆಂದರೆ ಅವಕ್ಕೆ ತೊಟ್ಟು ನೀರಿಲ್ಲ. ಚಳಿಯಲ್ಲಿ ಒಣಗಿಸಿದರೇ ಬೇಸಗೆಗೆ ಹೂ ಎಂಬುದು ಅವರ ಸಿದ್ಧಾಂತ. ಪೀಣ್ಯದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಈಗ ತಪಾಸಣೆಗೆ ಸಿಕ್ಕಿರುವುದು ಕುಂಡಗಳು ಮತ್ತು ನಮ್ಮ ಮಾವ.

ಒಮ್ಮೆ ಎದುರುಮನೆಯಾಕೆ ಬುದ್ಧಿ ಹೇಳಲು ಬಂದರು.

"ಮುಳ್ಳಿನ ಗಿಡ ಇದ್ದ ಮನೇಲಿ ಜಗಳ ತಪ್ಪಲ್ಲ ಕಣ್ರೀ."

"ಹೌದಾ? ನಿಮ್ಮನೇಲಿ ಯಾವ ಗಿಡ ಇದೆ?"

"ತುಳಸಿ."

"ಮತ್ತೆ ನಿನ್ನೆ ತಟ್ಟೆ ಎಸೆದ ಸದ್ದು?"

ಆಕೆ ಅರ್ಧ ಕಾಫಿ ಬಿಟ್ಟು ಎದ್ದುಹೋದರು.

ಅತ್ತೆಯ ಜೀವವೆಲ್ಲ ಇದ್ದುದು ಒಂದು ಗುಂಡುಕಳ್ಳಿಯ ಮೇಲೆ. ಬೋಂಡದಷ್ಟಿದ್ದಾಗ ತಂದದ್ದು, ತೆಂಗಿನಕಾಯಿಯಷ್ಟಾಗಿತ್ತು. ಉಳಿದವೆಲ್ಲ ಹೂ ಬಿಟ್ಟರೂ ಇದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪ್ರತಿ ವರ್ಷ ಅತ್ತೆ ಒಣಗಿಸುತ್ತಿದ್ದರು, ಪ್ರತಿ ವರ್ಷ ಅದು ಕೊಬ್ಬುತ್ತಿತ್ತು! ನೀರಿಲ್ಲದೆ ಕೊಬ್ಬುವುದು ಹೇಗೆ? ಕಳೆದ ಕಾರ್ತಿಕದಲ್ಲಿ ಬಾಗಿಲ ಮರೆಯಲ್ಲಿ ನಿಂತು ಕಳ್ಳನನ್ನು ಹಿಡಿದೇಬಿಟ್ಟರು. ಕೈಯಲ್ಲಿ ತಂಬಿಗೆ, ಬಾಯಲ್ಲಿ ಮಂತ್ರ. ನಮ್ಮ ಮಾವ!

"ಏನ್ರೀ ಇದು?"

"ಅಭಿಷೇಕದ ನೀರು ಕಣೇ. ಯಾರೂ ತುಳೀದಿರೋ ಜಾಗಕ್ಕೆ ಹಾಕ್ಬೇಕು. ಈ ಮನೇಲಿ ಇದನ್ನ ಬಿಟ್ರೆ ಅಂಥ ಜಾಗ ಎಲ್ಲಿದೆ ಹೇಳು?"

ಶಾಸ್ತ್ರಪ್ರಕಾರ ಮಾವ ಹೇಳಿದ್ದು ಸರಿಯೇ. ಆ ಮುಳ್ಳನ್ನು ಯಾರು ತುಳಿದಾರು? ಆದರೂ ಮರುದಿನದಿಂದ ದೇವರ ನೀರನ್ನು ಮೂರು ಮಹಡಿ ಇಳಿದು ತೆಂಗಿನ ಬುಡಕ್ಕೆ ಹಾಕಿ ಬರಬೇಕಾಯಿತು. "ಈ ವರ್ಷ ಇದ್ರಲ್ಲಿ ಹೂ ಅರಳಿಸದಿದ್ರೆ ನಾನು ನಾನೇ ಅಲ್ಲ" ಎಂದು ಅತ್ತೆ ಕಳ್ಳಿಯ ಕಾವಲಿಗೆಂದು ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಹೂಕೋಸು ಹೆಚ್ಚುವುದೂ ಅಲ್ಲೇ, ತೂಕಡಿಸುವುದೂ ಅಲ್ಲೇ.

ಇದಕ್ಕೆ ವಾರದ ಮುಂಚೆಯಷ್ಟೇ ನಾನು ಕೆಲಸಕ್ಕಿದ್ದ ಕಂಪನಿ ಬಾಗಿಲು ಹಾಕಿತ್ತು. ಅತ್ತೆಯ ಮನೆಯಲ್ಲೇ ಇದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದವನು ಕೋಣೆ ಸೇರಿ ಬಾಗಿಲೆಳೆದುಕೊಂಡಿದ್ದೆ. ಯಾರ ಮುಖ ನೋಡುವುದೂ ಬೇಡವಾಗಿತ್ತು. ಅಯ್ಯೋ ಪಾಪ ಎನ್ನಲು ನೆಂಟರ ದಂಡೇ ಬಂತು. ಒಬ್ಬರ ಕೈಯಲ್ಲಿ ನನ್ನ ಜಾತಕ, ಇನ್ನೊಬ್ಬರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಷಡ್ಡಕನ ವಶೀಲಿ! ಅತ್ತೆ ಕೂತಲ್ಲಿಂದಲೇ "ಅವನು ಮಲಗಿದ್ದಾನೆ, ಕಾಫಿ ಕುಡೀರಿ" ಎಂದು ಎಲ್ಲರನ್ನೂ ಸಾಗಹಾಕಿದರು. ತಾವೂ ಊಟಕ್ಕೆ ಕರೆಯುವುದು ಬಿಟ್ಟರೆ ಒಂದು ಮಾತು ಕೇಳಲಿಲ್ಲ. ಕಳ್ಳಿಯ ಮೇಲಿರುವ ಅಕ್ಕರೆಯಲ್ಲಿ ಕಾಲುಭಾಗ ನನ್ನ ಮೇಲಿದ್ದಿದ್ದರೆ ಎಂದು ನನಗೆ ಸಂಕಟವಾಗುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲೇರಿತು. ಒಂದು ಬೆಳಗ್ಗೆ ಬಾಲ್ಕನಿಯಿಂದ ಕೂಗು: "ಬಾರೋ ಇಲ್ಲಿ, ಬೇಗ!"

ಗುಂಡುಕಳ್ಳಿಯ ನೆತ್ತಿಯ ಮೇಲೆ ಹಳದಿ ಹೂ! ಮಾವ ಕೈಮುಗಿದು ನಿಂತಿದ್ದರು. ಸದ್ಯ, ತಂಬಿಗೆ ಇರಲಿಲ್ಲ. ಅತ್ತೆಯ ಮುಖ ನೋಡಿ ನಾನು ಎಷ್ಟೋ ದಿನಗಳ ಮೇಲೆ ನಕ್ಕೆ.

ಒಳಗೆ ಬಂದು, ಕೂತೇ ಹೂ ನೋಡೋಣವೆಂದು ಅತ್ತೆಯ ಕಾವಲು ಕುರ್ಚಿಯಲ್ಲಿ ಕೂತೆ. ಹೂ ಕಾಣಲಿಲ್ಲ. ಬಗ್ಗಿದೆ, ಕತ್ತು ಚಾಚಿದೆ. ಕುಂಡವೂ ಕಾಣಲಿಲ್ಲ, ಬಾಲ್ಕನಿಯೇ ಕಾಣಲಿಲ್ಲ. ಅಲ್ಲಿಂದ ಕಾಣುತ್ತಿದ್ದುದು ನನ್ನ ಕೋಣೆಯ ಬಾಗಿಲೊಂದೇ.

ಅತ್ತೆ ಬಂದವರು ನನ್ನನ್ನೂ ಕುರ್ಚಿಯನ್ನೂ ನೋಡಿದರು. ಒಳಗಿನಿಂದ ಚೊಂಬು ತಂದು ನನ್ನ ಕೈಗಿಟ್ಟರು.

"ಇನ್ನು ನೀರು ಹಾಕ್ಬಹುದು. ಏಳೋ."