ಬಕೆಟ್ಟಿನ ಮೇಲಿನ ಲ್ಯಾಪ್‌ಟಾಪ್

ನಮ್ಮ ಮನೆಯಲ್ಲಿ ಹಳೆಯದಕ್ಕೆ ಕಿಮ್ಮತ್ತಿಲ್ಲ. ಹಳೆಯ ಗಂಡನಿಗೇ ಇಲ್ಲದ ಮೇಲೆ ಲ್ಯಾಪ್‌ಟಾಪಿಗೆ ಎಲ್ಲಿಂದ ಬರಬೇಕು? ಆದರೂ ಶನಿವಾರ ಬೆಳಿಗ್ಗೆ ನನ್ನಾಕೆ ಹೊರಡಿಸಿದ ರಾಜಾಜ್ಞೆ ಕೇಳಿ ಎದೆ ಧಸಕ್ಕೆಂದಿತು.

"ಇವತ್ತು ಇದನ್ನ ಕೊಟ್ಟು ಹೊಸದು ತರೋಣ ರೀ. ಇನ್ನು ನನ್ನ ಕೈಲಾಗಲ್ಲ."

ಆಕೆ ಕಟ್ಟಡಗಳ ನಕ್ಷೆ ಬರೆಯುವವಳು. ಸೋಮವಾರ ಒಂದು ಶಾಲೆಯ ನಕ್ಷೆ ಒಪ್ಪಿಸಬೇಕು. ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ ಮೊದಲು ಮೆಟ್ಟಿಲು ಮೂಡುತ್ತದೆ. ಪಾತ್ರೆ ತೊಳೆದು ಬರುವಷ್ಟರಲ್ಲಿ ಎರಡು ಗೋಡೆ, ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಒಂದು ಶೌಚಾಲಯ. (ನಿಜವಾದ ಕಟ್ಟಡಗಳೇ ಇದಕ್ಕಿಂತ ಬೇಗ ಏಳುತ್ತವೆ ಎಂಬುದು ಆಕೆಯ ವಾದ.)

"ಮೆಮೊರಿ ಸಾಲ್ತಿಲ್ಲ ಅಷ್ಟೆ ಕಣೆ. ಹಾಕಿಸಿದ್ರೆ ಮತ್ತೆ ಕುಣಿಯುತ್ತೆ."

"ಕುಣಿಯೋದು ಬೇಡ. ತೆರೆದ್ರೆ ಸಾಕು."

ನನ್ನ ಸಂಕಟ ಆಕೆಗೆ ಅರ್ಥವಾಗುವುದಿಲ್ಲ. ಆ ಲ್ಯಾಪ್‌ಟಾಪ್ ಮನೆಗೆ ಬಂದಾಗ ಮಗಳು ಹುಟ್ಟಿಯೇ ಇರಲಿಲ್ಲ. ಇದ್ದದ್ದು ಒಂದು ಕೋಣೆ, ಒಂದು ಕುರ್ಚಿ. ಕುರ್ಚಿಯಲ್ಲಿ ಆಕೆ, ನೆಲದ ಮೇಲೆ ನಾನು, ನಡುವೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಲ್ಯಾಪ್‌ಟಾಪ್. ಆಕೆಯ ಮೊಟ್ಟಮೊದಲ ನಕ್ಷೆ, ಯಾರದೋ ಕಾರ್ ಶೆಡ್ಡಿನದು, ತಯಾರಾದದ್ದು ಆ ಬಕೆಟ್ಟಿನ ಮೇಲೆಯೇ. ಅದು ಮುಗಿದ ದಿನ ನಾವಿಬ್ಬರೂ ಆ ಶೆಡ್ಡನ್ನು ಅರಮನೆ ನೋಡುವಂತೆ ನೋಡುತ್ತಾ ಕೂತಿದ್ದೆವು. ಆಮೇಲೆ ಕೂಸು ಹುಟ್ಟಿ ಅದರ ಮೇಲೆ ಹಾಲಿನ ಬಾಟಲಿ ಉರುಳಿಸಿದಾಗ, ಮೂರು ದಿನ ಫ್ಯಾನಿನ ಕೆಳಗೆ ಮಲಗಿಸಿ ಬದುಕಿಸಿಕೊಂಡಿದ್ದೆವು. ಅಂಥ ಜೀವವನ್ನು ಅಂಗಡಿಯವನ ಕೈಗೆ ಕೊಡುವುದೆಂದರೆ ನನಗೆ ಕರುಳು ಕಿತ್ತು ಬರುತ್ತದೆ.

ಕೊನೆಗೆ ಒಪ್ಪಂದವಾಯಿತು. ಮೆಮೊರಿ ಹಾಕಿಸಿ ನಕ್ಷೆ ಬೇಗ ತೆರೆದರೆ ಅದು ಉಳಿಯಬೇಕು, ಇಲ್ಲವಾದರೆ ಹೋಗಬೇಕು. ಕೊಡುವುದಾದರೆ ಧಾರಾಳವಾಗಿ ಕೊಡಬೇಕೆಂದು ಹದಿನಾರು ಜಿ.ಬಿ.ಯ ಎರಡು ಮೆಮೊರಿ ಪಟ್ಟಿಗಳನ್ನು ಕೊಂಡು, ಮಧ್ಯಾಹ್ನ ಹೆಂಡತಿಯೊಡನೆ ನಮ್ಮ ಬೀದಿಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿ ರಿಪೇರಿ ಮಾಡುವವನನ್ನು ಎಲ್ಲರೂ ಡಾಕ್ಟರು ಎಂದೇ ಕರೆಯುವುದು.

ಡಾಕ್ಟರು ಹಿಂಬದಿಯ ಸ್ಕ್ರೂ ಬಿಚ್ಚಿ ಇಣುಕಿದರು. "ಸಾರ್, ಇದರಲ್ಲಿ ಅರ್ಧ ಮೆಮೊರಿ ಬೋರ್ಡಿಗೇ ಬೆಸುಗೆ ಆಗಿದೆ, ತೆಗೆಯೋಕಾಗಲ್ಲ. ಮಿಕ್ಕಿದ್ದಕ್ಕೆ ಇರೋದು ಒಂದೇ ಜಾಗ. ನೀವು ತಂದಿರೋದು ಹೊಸ ಕಾಲದ್ದು, ಅಲ್ಲಿ ಕೂರೋದೇ ಇಲ್ಲ. ಕೂರೋದನ್ನ ಹುಡುಕಿ ಹಾಕಿದ್ರೂ ಎಂಟು ಜಿ.ಬಿ. ಮೇಲೆ ಇದು ಗುರುತಿಸಲ್ಲ."

"ಈಗ ಎಷ್ಟಿದೆ?"

"ಎಂಟು."

ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಬಕೆಟ್ಟಿನಿಂದ ಆರಂಭಿಸಿ ಹಾಲಿನವರೆಗೆ ಸಮಗ್ರ ಚರಿತ್ರೆಯನ್ನು ನಿವೇದಿಸಿದೆ. ಡಾಕ್ಟರು ಮತ್ತೊಮ್ಮೆ ಒಳಗೆ ಟಾರ್ಚು ಬಿಟ್ಟರು.

"ಹಾಲು ಬಿದ್ದಿತ್ತು ಅಂದ್ರಾ? ಕಲೆನೇ ಇಲ್ವಲ್ಲ. ಯಾವುದೋ ಆಫೀಸಿನ ಚೀಟಿ ಬೇರೆ ಅಂಟಿಸಿದಾರೆ."

ನನ್ನಾಕೆ ಮೆಲ್ಲಗೆ ಕೆಮ್ಮಿದಳು. "ರೀ, ಅದು ಇದಲ್ಲ. ಮಗು ಎರಡು ವರ್ಷದವಳಿದ್ದಾಗ ನನ್ನ ತಮ್ಮನಿಗೆ ಅವನ ಆಫೀಸಲ್ಲಿ ಇದನ್ನ ಹಳೇದು ಅಂತ ಕೊಟ್ಟಿದ್ರು. ತೆಳ್ಳಗಿದೆ ಅಂತ ನೀವೇ ಆಸೆಪಟ್ಟು ಇಸ್ಕೊಂಡು, ನಮ್ಮದನ್ನ ಅವನಿಗೆ ದಾಟಿಸಿದ್ರಿ. ಫೋಟೋ ಎಲ್ಲಾ ಇದಕ್ಕೇ ತುಂಬಿಕೊಟ್ಟಿದ್ದ. ನಿಮಗೆ ಅದೇ ಇದು ಅನ್ನಿಸಿಬಿಡ್ತು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಬಕೆಟ್ಟಿನ ಕಥೆ ಹೇಳ್ತಿದ್ರೆ ಕೇಳೋಕೆ ನಂಗೂ ಇಷ್ಟ."

ತಕ್ಷಣ ಭಾವಮೈದುನನಿಗೆ ಫೋನ್ ಮಾಡಿದೆ. "ಅದಾ ಭಾವ? ಚೆನ್ನಾಗಿದೆ. ಅದರಲ್ಲಿ ಮೆಮೊರಿಗೆ ಎರಡು ಜಾಗ ಇತ್ತು, ಎರಡಕ್ಕೂ ತುಂಬಿಸಿದೆ. ನನ್ನ ಕೆಲಸಕ್ಕೆ ಧಾರಾಳ," ಎಂದ.

ನನಗೆ ಮೈಯೆಲ್ಲ ಉರಿಯಿತು. ಯಾರದೋ ಆಫೀಸಿನ ಕಸವನ್ನು ಏಳು ವರ್ಷ ನನ್ನ ಒಳ್ಳೆಯ ಕರ್ಚೀಫಿನಲ್ಲಿ ಒರೆಸಿದ್ದೆನಲ್ಲ. "ತಗೊಳ್ಳಿ ಡಾಕ್ಟರೇ, ನನಗೂ ಇದಕ್ಕೂ ಏನೂ ಸಂಬಂಧ ಇಲ್ಲ," ಎಂದು ಅದನ್ನು ಅವರ ಕಡೆಗೆ ತಳ್ಳಿದೆ. ಅವರು ಒಳಗಿದ್ದುದನ್ನೆಲ್ಲ ಅಲ್ಲೇ ಕೊಂಡ ಹೊಸದಕ್ಕೆ ತುಂಬಿದರು. ಶಾಲೆ ಮೆಟ್ಟಿಲು, ಗೋಡೆ, ಶೌಚಾಲಯಗಳ ಸಮೇತ ಒಂದೇ ಏಟಿಗೆ ಎದ್ದು ನಿಂತಿತು. ಹಗುರ ಮನಸ್ಸಿನಿಂದ ಮನೆಗೆ ಬಂದೆ.

ಸಂಜೆ ಆಟ ಮುಗಿಸಿ ಬಂದ ಒಂಬತ್ತು ವರ್ಷದ ಮಗಳು ಹೊಸದನ್ನು ನೋಡಿದಳು. "ಅಪ್ಪ, ನಂದೆಲ್ಲಿ?"

"ಅದು ನಮ್ಮದೇ ಅಲ್ವಂತೆ ಪುಟ್ಟಿ. ನಮ್ಮ ನಿಜವಾದ್ದು ನಿನ್ನ ಮಾವನ ಮನೇಲಿದೆ. ನೀನು ಹಾಲು ಚೆಲ್ಲಿದ್ಯಲ್ಲ, ಅದು."

"ಅದು ನಂಗೆ ಗೊತ್ತೇ ಇಲ್ಲ. ನೀನು ಕೊಟ್ಟು ಬಂದ್ಯಲ್ಲ, ನಾನು ನನ್ನ ಹೆಸರು ಬರೆಯೋಕೆ ಕಲಿತಿದ್ದು ಅದರಲ್ಲಿ. ಜ್ವರ ಬಂದಾಗ ಅದನ್ನೇ ಕಾಲ ಮೇಲೆ ಇಟ್ಕೊತಿದ್ದೆ, ಬೆಚ್ಚಗಿರ್ತಿತ್ತು. ನೀನು ಪಕ್ಕದಲ್ಲಿ ಕೂತ್ಕೊತಿದ್ದೆ." ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನಾಕೆ ನನ್ನನ್ನು ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಡಾಕ್ಟರು ಅದರ ಕೀಬೋರ್ಡು ಬಿಚ್ಚಲು ಕೂತಿದ್ದರು. "ಸ್ವಲ್ಪ ತಡೀರಿ," ಎಂದೆ, ಏದುಸಿರು ಬಿಡುತ್ತಾ. "ಅದನ್ನ ವಾಪಸ್ ಕೊಡಿ. ನಮಗೂ ಅದಕ್ಕೂ ಬಹಳ ವರ್ಷದ ಒಡನಾಟ."

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಮಧ್ಯಾಹ್ನ ಹಂಗಂದ್ರಿ. ಆಮೇಲೆ ಏನೂ ಸಂಬಂಧ ಇಲ್ಲ ಅಂದ್ರಿ. ಈಗ ಮತ್ತೆ ಇದೆ ಅಂತೀರಿ. ಇದು ಯಾವ ಲ್ಯಾಪ್‌ಟಾಪು ಅಂತ ಮನೇಲಿ ಒಂದ್ಸಲ ಸರಿಯಾಗಿ ಕೇಳ್ಕೊಂಡು ಬಂದುಬಿಡಿ ಸಾರ್."

"ಕೇಳ್ಕೊಂಡೇ ಬಂದಿದೀನಿ," ಎಂದೆ. "ಇದು ನನ್ನ ಮಗಳದು."