ನಾಲ್ಕು ಗೋಣಿಯ ತಂಪು

ಈ ಬೇಸಿಗೆಯಲ್ಲಿ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ನನ್ನ ಉಸಿರಿರುವ ತನಕ ಎಸಿ ಎಂಬುದು ನಮ್ಮ ಮನೆಯ ಹೊಸ್ತಿಲು ದಾಟಕೂಡದು!

ಹೊಸಪೇಟೆಯ ಏಪ್ರಿಲ್ ಕಂಡವರು ಇದನ್ನು ಕೇಳಿ ನಕ್ಕಾರು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಚಹಾಪುಡಿ ಹಾಕುವುದೊಂದೇ ಬಾಕಿ, ಅಂಥ ನೀರು ಬರುತ್ತದೆ. ನನ್ನ ಹೆಂಡತಿ ಅನ್ನಪೂರ್ಣ ಮಾತ್ರ ನಗಲಿಲ್ಲ. ಸಂಡೂರಿನಲ್ಲಿರುವ ಅವಳಪ್ಪ ವಿರುಪಾಕ್ಷಪ್ಪನವರು ಎಸಿ ಕೊಡಿಸುತ್ತೇನೆಂದು ತಾವೇ ಫೋನ್ ಮಾಡಿದ್ದರು. ನಾನು ಬೇಡವೆಂದಿದ್ದೆ.

"ಅಪ್ಪ ತಾನಾಗೇ ಕೊಡಸ್ತೀನಂದ್ರೂ ಬ್ಯಾಡ ಅಂದ್ರಲ್ಲ, ಏನು ಧಾಡಿ ನಿಮಗ?"

"ಮಾವ ಕೊಡಿಸಿದ ಗಾಳ್ಯಾಗ ಮಲಗೋ ಅಳಿಯ ನಾನಲ್ಲ! ನಮ್ಮ ಗಾಳಿ ನಾವ ತಯಾರ್ ಮಾಡೋಣ."

ತಯಾರಿಸಿಯೂ ಬಿಟ್ಟೆ! ಕಂಪ್ಲಿಯಿಂದ ಅಕ್ಕಿ ಬಂದಿದ್ದ ಗೋಣಿಚೀಲವನ್ನು ತೋಯಿಸಿ ಕಿಟಕಿಗೆ ಕಟ್ಟಿದೆ. ಅದರ ಮೇಲೆ ಹನಿಹನಿಯಾಗಿ ನೀರು ಬೀಳಲು ತೂತು ಕೊರೆದ ಎಣ್ಣೆ ಡಬ್ಬಿ. ಹೊರಗೆ ವರಾಂಡದಲ್ಲಿ ಹಳೆಯ ಟೇಬಲ್ ಫ್ಯಾನು, ಒಂದನೇ ನಂಬರಿನಲ್ಲಿ. ತಂಪು ಎಂದರೆ ತಂಪು! ಅನ್ನಪೂರ್ಣ ಚಾದರ ಹೊದ್ದುಕೊಂಡಳು. ಹೊಗಳಲಿಲ್ಲ, ಆದರೆ ಹೊದ್ದಳಲ್ಲ, ನನಗಷ್ಟೇ ಸಾಕಾಯಿತು.

ಅಷ್ಟರಲ್ಲಿ ಮಾವನವರ ಫೋನ್ ಬಂತು. ಭಾನುವಾರ ಸಂಜೆ ಐದಕ್ಕೆ ಹೊಸಪೇಟೆಯ ಕಲ್ಯಾಣ ಮಂಟಪದಲ್ಲಿ ನಿವೃತ್ತ ಗಣಿ ನೌಕರರ ಸಂಘದವರು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮಧ್ಯಾಹ್ನ ನಮ್ಮಲ್ಲಿ ಊಟ, ಆಮೇಲೆ ಸಣ್ಣದೊಂದು ನಿದ್ದೆ. ಮಾವನವರು ಸಾಮಾನ್ಯರಲ್ಲ. ನಲವತ್ತು ವರ್ಷ ಗಣಿಯಲ್ಲಿ ದುಡಿದೂ ಬಿಳಿ ಬಟ್ಟೆಗೆ ಒಂದು ಕಲೆ ಹತ್ತಿಸಿಕೊಳ್ಳದ ಪುಣ್ಯಾತ್ಮ! ಸನ್ಮಾನವೂ ಹೆಚ್ಚುಕಡಿಮೆ ಅದಕ್ಕೇ.

ಅಂಥವರ ಬಾಯಿಂದಲೇ "ಅಳಿಯಂದಿರ, ಎಸಿ ಯಾಕ ಬೇಕ್ರಿ?" ಅನ್ನಿಸಬೇಕೆಂಬ ಆಸೆ ನನಗೆ. ಒಂದು ಗೋಣಿಗೇ ಚಾದರವಾದರೆ ನಾಲ್ಕು ಗೋಣಿಗೆ? ಮಾವನವರಿಗೆ ಕಂಬಳಿಯೇ ಬೇಕಾದೀತು! ಕಬ್ಬಿಣದ ಅದಿರಿನ ಲಾರಿಗಳನ್ನು ತೂಗುವ ವೇ ಬ್ರಿಡ್ಜಿನಲ್ಲಿ ನನ್ನ ನೌಕರಿ. ಸ್ಯಾಂಪಲ್ ತುಂಬಿ ಖಾಲಿ ಮಾಡಿದ ಗೋಣಿಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ನಾಲ್ಕನ್ನು ಚೆನ್ನಾಗಿ ಝಾಡಿಸಿ ಮನೆಗೆ ತಂದೆ.

"ಏನ್ರಿ, ಈ ಗೋಣಿ ಕೆಂಪಗದಾವಲ್ಲ?"

"ನಮ್ಮ ಕಡೆ ಕೆಂಪಿಲ್ಲದ್ದು ಏನೈತಿ ಹೇಳು? ಗಿಡ ಕೆಂಪು, ಲಾರಿ ಕೆಂಪು, ನನ್ನ ಅಂಗಿ ಕಾಲರ್ ಕೆಂಪು!"

"ಹಂಗಾರ ತೊಳದು ಕಟ್ರಿ."

"ಮ್ಯಾಲಿಂದ ನೀರು ಬೀಳತೈತಿ. ಅದ ತೊಳಕೊಂತೈತಿ ತಗೋ!"

ಈ ಒಂದು ಮಾತು ಮಾತ್ರ ಅಕ್ಷರಶಃ ನಿಜವಾಯಿತು.

ಭಾನುವಾರ ಮಾವನವರು ಹೋಳಿಗೆ ಊಟ ಮುಗಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ಜುಬ್ಬಾ ಕಳಚಿ, ಕಿಟಕಿಯ ಎದುರಿನ ಗೋಡೆಯ ಗೂಟಕ್ಕೆ ತೂಗುಹಾಕಿ, ಬನಿಯನ್ನಿನಲ್ಲಿ ಮಂಚ ಏರಿದರು. ನಾನು ಹೊರಗಿನಿಂದ ಫ್ಯಾನನ್ನು ಮೂರನೇ ನಂಬರಿಗೆ ತಿರುಗಿಸಿದೆ. ಒಳಗಿನಿಂದ "ಆಹಾ, ಮಸ್ತ್!" ಎಂಬ ಉದ್ಗಾರ ಬಂತು. ಜನ್ಮ ಸಾರ್ಥಕವಾಯಿತು! ನಿದ್ದೆ ಕೆಡದಿರಲೆಂದು ಬಾಗಿಲೆಳೆದು, ಕುರ್ಚಿ ಹಾಕಿಕೊಂಡು ಕಾವಲು ಕೂತೆ.

ಅರ್ಧ ತಾಸಿನ ಮೇಲೆ ಚಹಾ ಹಿಡಿದು ಒಳಗೆ ಹೋದ ಅನ್ನಪೂರ್ಣ ಚಿಟ್ಟನೆ ಚೀರಿದಳು.

ಓಡಿಹೋಗಿ ನೋಡಿದರೆ ಗೋಡೆ, ಹಾಸಿಗೆ, ಕ್ಯಾಲೆಂಡರಿನ ದೇವರು ಎಲ್ಲರ ಮೇಲೂ ಕೆಂಪು ಹನಿ! ಮಾವನವರ ಬಿಳಿ ಮೀಸೆಗೆ ಮದರಂಗಿ ಹಚ್ಚಿದಂತಾಗಿತ್ತು. ಗೂಟದ ಮೇಲಿನ ಜುಬ್ಬಾದ ವಿಚಾರ ಕೇಳಲೇಬೇಡಿ.

"ಏನಾತಬೇ ಯವ್ವ?" ಎನ್ನುತ್ತ ಎದ್ದ ಮಾವನವರು ಕನ್ನಡಿ ನೋಡಿಕೊಂಡರು. ಆಮೇಲೆ ಜುಬ್ಬಾ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಮೀಸೆ ತೊಳೆದದ್ದಾಯಿತು. ನಿಂಬೆಹಣ್ಣು ತಿಕ್ಕಿದೆ, ಸೋಪು ತಿಕ್ಕಿದೆ. ಚುಕ್ಕೆಯಾಗಿದ್ದ ಜುಬ್ಬಾದ ಕಲೆ ಹರಡಿ ನಕಾಶೆಯಾಯಿತು. ನನ್ನ ಅಂಗಿ ಕೊಡೋಣವೆಂದರೆ ಆರಡಿಯ ಮಾವನವರಿಗೆ ಅದು ಹೊಕ್ಕುಳಿಗೇ ಮುಗಿಯುತ್ತಿತ್ತು. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಬೇರೆ ದಾರಿಯಿಲ್ಲದೆ ಅವರು ಆ ಹಸಿ ಜುಬ್ಬಾವನ್ನೇ ತೊಟ್ಟು ಹೊರಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಂಟಪದಲ್ಲಿ ಸಂಘದ ಅಧ್ಯಕ್ಷ ಕೊಟ್ರಯ್ಯನವರು ಜುಬ್ಬಾ ನೋಡಿ ಗದ್ಗದಿತರಾದರು! ಮೈಕಿನಲ್ಲಿ ಹೇಳಿಯೇಬಿಟ್ಟರು:

"ನೋಡ್ರಿ ಬಂಧುಗಳೇ! ಬಿಳಿ ಬಟ್ಟಿ ವಿರುಪಾಕ್ಷಪ್ಪನೋರು ಇವತ್ತು ಗಣಿ ಮಣ್ಣು ಮೈಮ್ಯಾಲೆ ಹೊತಗೊಂಡು ಬಂದಾರ. ಅಭಿಮಾನ ಅಂದ್ರ ಇದು!"

ಚಪ್ಪಾಳೆಯೋ ಚಪ್ಪಾಳೆ! ನನಗೆ ಹೋದ ಜೀವ ಬಂತು. ಮಾವನವರ ಮರ್ಯಾದೆ ಉಳಿಯಿತು, ನನ್ನದೂ ಅದರ ಸೆರಗು ಹಿಡಿದು ಉಳಿಯಿತು. ಅಷ್ಟಕ್ಕೇ ಮುಗಿದಿದ್ದರೆ ಈ ಕಥೆಯನ್ನು ನಿಮಗೆ ಹೇಳುತ್ತಲೇ ಇರಲಿಲ್ಲ. ಆದರೆ ಮಾವನವರು ಸುಳ್ಳು ಸೈರಿಸುವವರಲ್ಲ. ಶಾಲು ಸರಿಮಾಡಿಕೊಂಡು ಮೈಕ್ ಹಿಡಿದರು.

"ತಪ್ಪು ತಿಳಕೋಬ್ಯಾಡ್ರಿ. ನಲವತ್ತು ವರ್ಷ ಗಣಿಯಾಗ ದುಡದೆ, ಇಷ್ಟು ಮಣ್ಣು ಹತ್ತಿರಲಿಲ್ಲ. ಈ ಜುಬ್ಬಾ ಬರೇ ಅರ್ಧ ತಾಸು ಅಳಿಯಂದಿರ ಮನಿ ಗೂಟಕ್ಕ ಹಾಕಿದ್ದೆ. ಅಗೋ, ಮೂರನೇ ಸಾಲಿನ್ಯಾಗ ಕುಂತಾರಲ್ಲ, ಅವರ!"

ಇನ್ನೂರು ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು. ನಗು ಛಾವಣಿಗೆ ಬಡಿಯಿತು. ಅದು ಎಸಿ ಹಾಕಿಸಿದ ಮಂಟಪ. ಎಲ್ಲರೂ ತಣ್ಣಗೆ ಕೂತಿದ್ದರು, ಬೆವತು ತೊಪ್ಪೆಯಾದವನು ನಾನೊಬ್ಬನೇ.

ಅನ್ನಪೂರ್ಣ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು:

"ಭಾಳ ಶೆಕಿ ಆಗಾಕತ್ತೈತೇನ್ರಿ? ಒಂದು ಗೋಣಿ ತೊಯ್ಸಿ ತರ್ಲಿ?"