ಹುಡುಗಿಯರ ಹೆಸರಿನ ಬಸ್ಸು

ಫುಟ್‌ಬಾಲ್ ಕ್ಲಬ್ಬುಗಳು ಆದಾಯ ಮೀರಿ ಖರ್ಚು ಮಾಡಬಾರದೆಂದು ನಿಯಮ ಬಂತು. ಮಹಿಳಾ ತಂಡದ ಖರ್ಚಿಗೆ ಮಾತ್ರ ವಿನಾಯಿತಿ. ಅಂದಿನಿಂದ ಕ್ಲಬ್ಬಿನ ಧಣಿಗೆ ಹೆಣ್ಣುಮಕ್ಕಳ ಮೇಲೆ ಮಮತೆ ಉಕ್ಕಿತು. ಗಂಡಸರ ತಂಡದ ಎ.ಸಿ. ಬಸ್ಸು, ಡಾಕ್ಟರು, ಮೈದಾನದ ಹುಲ್ಲು ಎಲ್ಲದರ ಖರ್ಚೂ ಹುಡುಗಿಯರ ಹೆಸರಿಗೆ ಬಿತ್ತು. ಹಸಿರು ಅವರಿಗೆ, ಹೆಸರು ಇವರಿಗೆ.

ಹುಡುಗಿಯರ ಕೋಚ್‌ಗೆ ಇದು ಗೊತ್ತಾದದ್ದು ಲೆಕ್ಕ ಪರೀಕ್ಷಿಸಲು ತನಿಖಾಧಿಕಾರಿ ಬರುವ ದಿನ ಬೆಳಿಗ್ಗೆ.

"ಇವತ್ತೊಂದಿನ ನಿಮ್ಮ ಹುಡುಗೀರು ಮಹಾರಾಣಿಯರ ಥರ ಇರ್ಲಿ ಕಣ್ರೀ," ಎಂದ ಮ್ಯಾನೇಜರ್.

"ಗೋಲ್‌ಕೀಪರ್ ಮಂಡಿ ಊದಿ ಕುಂಬಳಕಾಯಿ ಆಗಿದೆ ಸಾರ್. ಭಾನುವಾರ ಫೈನಲ್ಲು. ಒಬ್ರು ಡಾಕ್ಟರು..."

"ಇವತ್ತು ಚೆನ್ನಾಗಿ ನಟಿಸಿ. ನಾಳೆಯಿಂದ ಡಾಕ್ಟರು ನಿಮ್ಮೋರೇ!"

ಗಂಡಸರನ್ನು ಹುಡುಗಿಯರ ತಗಡಿನ ಶೆಡ್ಡಿಗೆ ಅಟ್ಟಿ, ಹುಡುಗಿಯರನ್ನು ಬಸ್ಸಿಗೆ ಹತ್ತಿಸಲಾಯಿತು. ಕ್ಯಾಪ್ಟನ್ ಸೀಟಿನ ಗುಂಡಿ ಒತ್ತಿದಳು. ಸೀಟು ಹಾಸಿಗೆಯಂತೆ ಚಾಚಿಕೊಂಡಿತು. ಎಬ್ಬಿಸುವ ಗುಂಡಿ ಯಾರಿಗೂ ಸಿಗಲಿಲ್ಲ. ಅಷ್ಟರಲ್ಲಿ ಅಧಿಕಾರಿ ಹತ್ತಿದರು.

"ದಿನಾ ಇದ್ರಲ್ಲೇ ಬರ್ತೀರೇನಮ್ಮಾ?"

"ಹೂಂ ಸಾರ್," ಎಂದಳು ಕ್ಯಾಪ್ಟನ್, ಅಂಗಾತ ಮಲಗಿಯೇ. "ಎದ್ದೇಳೋಕೇ ಮನಸ್ಸು ಬರಲ್ಲ."

ಚಿಕಿತ್ಸೆಯ ಕೋಣೆಯಲ್ಲಿ, ಅಧಿಕಾರಿಯ ಕಣ್ಣೆದುರು, ಡಾಕ್ಟರು ಗೋಲ್‌ಕೀಪರಳ ಮಂಡಿ ನೀವುತ್ತಿದ್ದರು.

"ಸಾರ್, ನೋವಿರೋದು ಆ ಕಡೆ ಮಂಡೀಲಿ," ಎಂದು ಅವಳು ಪಿಸುಗುಟ್ಟಿದಳು.

"ಸುಮ್ನಿರಮ್ಮ. ಆ ಕಡೆ ತಿರುಗಿದ್ರೆ ಅವ್ರಿಗೆ ನನ್ನ ಬೆನ್ನು ಕಾಣುತ್ತೆ."

ಕೋಚ್‌ಗೆ ಹುರುಪು ಏರಿತು. "ಗಂಡಸ್ರ ತಂಡ ಎಲ್ಲಿ?" ಎಂದು ಅಧಿಕಾರಿ ಕೇಳಿದಾಗ, "ಅವ್ರ ಸುದ್ದಿ ಯಾಕೆ ಸಾರ್? ಹಿಂದ್ಗಡೆ ಎಲ್ಲೋ ಬಿದ್ದಿರ್ತಾರೆ," ಎಂದುಬಿಟ್ಟ.

ಅಧಿಕಾರಿ ಹಿಂದ್ಗಡೆಗೇ ನಡೆದರು. ಸೋರುವ ತಗಡು, ಕಾಲು ಮುರಿದ ಬೆಂಚು, ಗಾಳಿ ಹೋದ ಚೆಂಡು. ನಡುವೆ ಮುದುಡಿ ಕೂತ ದೈತ್ಯರು. ಅಧಿಕಾರಿಯ ಕಣ್ಣು ತುಂಬಿತು.

"ಗಂಡುಮಕ್ಕಳು ಅಂದ್ರೆ ಇಷ್ಟು ತಾತ್ಸಾರಾನಾ? ಇಂಥ ಪಾಪದ ತಂಡಕ್ಕೆ ಖರ್ಚಿನ ಮಿತಿ ಬೇರೆ ಕೇಡು! ಇವತ್ತಿಂದ ಇವರ ಖರ್ಚಿಗೂ ವಿನಾಯಿತಿ!"

ಅವರ ಕಾರು ಗೇಟು ದಾಟಿತೋ ಇಲ್ಲವೋ, ಮ್ಯಾನೇಜರ್ ಓಡಿಬಂದು ಕೋಚ್‌ನನ್ನು ತಬ್ಬಿಕೊಂಡ.

"ಏನು ನಟನೆ ಕಣ್ರೀ ನಿಮ್ದು! ಧಣಿಗಳು ಕುಣೀತಿದಾರೆ. ಇನ್ಮೇಲೆ ಖರ್ಚು ತೋರಿಸೋಕೆ ಹುಡುಗೀರ ಹೆಸರಿನ ಹಂಗೇ ಇಲ್ಲ. ತಂಡ ಇವತ್ತಿಗೇ ಮುಚ್ಚಿಬಿಡಿ ಅಂದ್ರು."

"ಸಾರ್... ಭಾನುವಾರ ಫೈನಲ್ಲು!"

"ಹೇಗೂ ಆ ಹುಡುಗಿಗೆ ಮಂಡಿ ಸರಿಯಿಲ್ವಲ್ಲ. ರೆಸ್ಟ್ ತಗೊಳ್ಳಲಿ."

ಆಗಲೇ ಗೋಲ್‌ಕೀಪರ್ ಗೋಡೆ ಹಿಡಿದು ಕುಂಟುತ್ತಾ ಕೋಚ್ ಬಳಿಗೆ ಬಂದಳು. ಮುಖ ತುಂಬ ನಗು.

"ಸಾರ್, ನಾಳೆ ಡಾಕ್ಟರು ಎಷ್ಟೊತ್ತಿಗೆ ಬರ್ತಾರೆ?"